ರೋಮನ್ ಬೆಳ್ಳಿ ನಾಣ್ಯ ಓದುವುದು ಹೇಗೆ? ಡಿನೇರಿಯಸ್ ಗುರುತಿಸಲು ಒಂದು ಸಮಗ್ರ ಮಾರ್ಗದರ್ಶಿ

ರೋಮನ್ ನಾಣ್ಯ ನೋಡಿದ ಕೂಡಲೇ ಎಲ್ಲರ ಕಣ್ಣು ಹೋಗುವುದು ಮುಖದ ಮೇಲೆ. ಇವನು ಯಾರು, ಸೀಸರನಾ, ನೀರೋನಾ ಅಂತ ಕೇಳುತ್ತಾರೆ. ಆದರೆ ಮುಖದಿಂದ ಶುರು ಮಾಡಿದವರು ದಾರಿ ತಪ್ಪುವುದೇ ಜಾಸ್ತಿ. ಆ ಮುಖವನ್ನು ಕೆತ್ತಿಸಿದ್ದು ಆಳುವವನೇ. ತಾನು ಹೇಗೆ ಕಾಣಬೇಕು ಅಂತ ಅವನಿಗೆ ಅನ್ನಿಸಿತ್ತೋ ಹಾಗೆ ಕೆತ್ತಿಸಿದ್ದಾನೆ. ಸುತ್ತಲಿನ ಅಕ್ಷರಗಳೂ ಅವನದೇ ಮಾತು, ನಿಜ. ಆದರೆ ಅವುಗಳಲ್ಲಿ ಪದವಿ, ವರ್ಷದ ಲೆಕ್ಕ ಇರುತ್ತದೆ. ಅದನ್ನು ನಾವು ಬೇರೆ ದಾಖಲೆ ಜೊತೆ ತಾಳೆ ನೋಡಬಹುದು. ಇನ್ನು ತೂಕ ಮತ್ತು ಬೆಳ್ಳಿ, ಇವು ಖಜಾನೆಯ ನಿಜ ಸ್ಥಿತಿ ಹೇಳಿಬಿಡುತ್ತವೆ.

ಹಾಗಾಗಿ ಇಲ್ಲಿ ಹೇಳುವ ಕ್ರಮ ಹೀಗಿದೆ: ಮೊದಲು ತೂಕ, ಅಳತೆ. ಆಮೇಲೆ ತಲೆಯ ಮೇಲಿನ ಕಿರೀಟ, ಅಕ್ಷರ, ಹಿಂಬದಿಯ ಚಿತ್ರ. ಮುಖ ಕೊನೆಗೆ. ನಾಣ್ಯ ನಿಮ್ಮ ಹತ್ತಿರ ಇರಲೇಬೇಕು ಅಂತೇನಿಲ್ಲ. ಮ್ಯೂಸಿಯಂ ಹಾಕಿರುವ ಒಳ್ಳೆಯ ಫೋಟೊ ಇದ್ದರೂ ಅರ್ಧಕ್ಕಿಂತ ಹೆಚ್ಚು ಕೆಲಸ ಆಗುತ್ತದೆ.

ಯಾವ ನಾಣ್ಯದ ಮಾತು ಇದು

ಡಿನೇರಿಯಸ್ ಅನ್ನುವುದು ರೋಮ್‌ನ ಮುಖ್ಯ ಬೆಳ್ಳಿ ನಾಣ್ಯ. ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಜೊತೆ ಯುದ್ಧ ನಡೆಯುತ್ತಿದ್ದಾಗ, ಸುಮಾರು ಕ್ರಿ.ಪೂ. 211ರಲ್ಲಿ ಶುರುವಾಯಿತು. ನಾಲ್ಕೂವರೆ ಶತಮಾನ ಓಡಾಡಿತು. 4 ಸೆಸ್ಟರ್ಸ್ ಸೇರಿದರೆ 1 ಡಿನೇರಿಯಸ್, 25 ಡಿನೇರಿಯಸ್ ಸೇರಿದರೆ 1 ಚಿನ್ನದ ಆರಿಯಸ್. ರೋಮ್‌ನ ಮೊದಲ ಚಕ್ರವರ್ತಿ ಅಗಸ್ಟಸ್ ಕಾಲದ ಸಾಮಾನ್ಯ ಸೈನಿಕನಿಗೆ ವರ್ಷಕ್ಕೆ 225 ಡಿನೇರಿಯಸ್ ಸಂಬಳ. ಇದು ನೆನಪಿರಲಿ. ನಾಣ್ಯದ ಮೇಲಿನ ಚಿತ್ರವನ್ನು ನೋಡಬೇಕಾದವರಲ್ಲಿ ಮೊದಲಿಗರು ಈ ಸೈನಿಕರೇ.

ಹಂತ 1: ಹಿಡಿಯಿರಿ, ತೂಗಿ, ಆದರೆ ತೊಳೆಯಬೇಡಿ

ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ಕೆಳಗೆ ಮೆತ್ತನೆ ಬಟ್ಟೆ ಹಾಸಿಕೊಳ್ಳಿ. ಹಳೆಯ ಬೆಳ್ಳಿ ಒಳಗೊಳಗೇ ಪೆಡಸಾಗಿರುತ್ತದೆ, ಕಲ್ಲಿನ ನೆಲಕ್ಕೆ ಬಿದ್ದರೆ ಎರಡು ಹೋಳಾಗುವುದೂ ಉಂಟು.

ಮನೆಯ ದೀಪ, ಕುಂಕುಮದ ಬಟ್ಟಲು ಕಪ್ಪಾದರೆ ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಹಾಕಿ ತಿಕ್ಕುತ್ತೇವೆ ಅಲ್ವಾ? ಇಲ್ಲಿ ಅದೆಲ್ಲ ಬೇಡವೇ ಬೇಡ. ಆ ಕಪ್ಪು ಪದರ ನೂರಾರು ವರ್ಷದಲ್ಲಿ ಕಟ್ಟಿಕೊಂಡದ್ದು. ಅದರ ಜೊತೆ ಸಣ್ಣ ಗೀಟುಗಳೂ ಹೋಗುತ್ತವೆ. ಸವೆದ ಅಕ್ಷರ ಓದಲು ಆ ಗೀಟೇ ಆಧಾರ.

ಬೇಕಾದ ಸಾಮಾನು ಕಮ್ಮಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಕ್ಕಸಾಲಿಗರು ಬಳಸುವಂಥ 0.01 ಗ್ರಾಂ ತೋರಿಸುವ ತಕ್ಕಡಿ, ಒಂದು ವರ್ನಿಯರ್ ಕ್ಯಾಲಿಪರ್, ಒಂದು ಟೇಬಲ್ ಲ್ಯಾಂಪ್. ಲ್ಯಾಂಪನ್ನು ಮೇಲಿನಿಂದ ಬಿಡಬೇಡಿ. ಪಕ್ಕದಲ್ಲಿ, ತೀರಾ ತಗ್ಗಿನಲ್ಲಿಟ್ಟು, ನಾಣ್ಯವನ್ನು ನಿಧಾನ ತಿರುಗಿಸಿ. ಉಬ್ಬು ತುಂಬ ಸವೆದಿದ್ದರೂ ನೆರಳು ಬಿದ್ದಾಗ ಅಕ್ಷರದ ಗೆರೆ ಎದ್ದು ಕಾಣುತ್ತದೆ. ಫೋಟೊ ತೆಗೆಯುವುದಾದರೂ ಇದೇ ಉಪಾಯ.

ಡಿನೇರಿಯಸ್ ಸಾಮಾನ್ಯವಾಗಿ 17ರಿಂದ 20 ಮಿಲಿಮೀಟರ್ ಅಗಲ. ಅಗಸ್ಟಸ್, ಅವನ ನಂತರ ಬಂದ ಟೈಬೀರಿಯಸ್ ಕಾಲದ್ದು 3.7, 3.8 ಗ್ರಾಂ ಆಸುಪಾಸು, ಸವೆದಿದ್ದರೆ 3.5. ಕ್ರಿ.ಶ. 64ರ ನಂತರದ್ದು ಸುಮಾರು 3.4ರಿಂದ ಕೆಳಕ್ಕೆ. ಬರೆದಿಟ್ಟುಕೊಳ್ಳಿ. ಕೊನೆಯಲ್ಲಿ ಈ ಅಂಕಿ ಮತ್ತೆ ಬೇಕಾಗುತ್ತದೆ.

ಹಂತ 2: ತಲೆಯ ಮೇಲೆ ಏನಿದೆ?

ಇದು ಅರ್ಧ ನಿಮಿಷದ ಕೆಲಸ. ಎಲೆಗಳ ಮಾಲೆ ಸುತ್ತಿ ಹಿಂದೆ ರಿಬ್ಬನ್ ಗಂಟು ಹಾಕಿದ್ದರೆ ಅದು ಲಾರೆಲ್ ಮಾಲೆ. ಬೆಳ್ಳಿ ನಾಣ್ಯದಲ್ಲಿ ಮಾಲೆ ಇದ್ದರೆ ಸಾಧಾರಣವಾಗಿ ಡಿನೇರಿಯಸ್. ಸೂರ್ಯನ ಕಿರಣದ ಹಾಗೆ ಮೊನಚು ಮೊನಚಾದ ಕಿರೀಟ ಇದ್ದರೆ ಅದು ಚಕ್ರವರ್ತಿ ಕ್ಯಾರಕಲ್ಲಾ ಕ್ರಿ.ಶ. 215ರಲ್ಲಿ ತಂದ ದೊಡ್ಡ ನಾಣ್ಯ, ಆಂಟೊನಿನಿಯಾನಸ್. ರಾಣಿಯರ ವಿಷಯದಲ್ಲಿ ಕಿರಣಕ್ಕೆ ಬದಲು ಭುಜದ ಕೆಳಗೆ ಚಂದ್ರನ ಕೊರೆ ಇರುತ್ತದೆ. ತಲೆ ಬರಿದಾಗಿದ್ದರೆ ಕೆಲವೊಮ್ಮೆ ಅದು ಇನ್ನೂ ಪಟ್ಟಕ್ಕೆ ಬಾರದ ಯುವರಾಜ. ಆದರೆ ಅಗಸ್ಟಸನದೇ ಬರಿತಲೆಯ ನಾಣ್ಯಗಳೂ ಇವೆ, ಅದೊಂದನ್ನೇ ನಂಬಿ ಕೂರಬೇಡಿ.

ಬದುಕಿರುವ ರೋಮನ್ ನಾಯಕನ ಮುಖವನ್ನು ರೋಮ್‌ನ ಟಂಕಸಾಲೆ ನಾಣ್ಯಕ್ಕೆ ಮೊದಲು ಹಾಕಿದ್ದು ಕ್ರಿ.ಪೂ. 44ರಲ್ಲಿ, ಜೂಲಿಯಸ್ ಸೀಸರನದು. ಅದೇ ವರ್ಷ ಮಾರ್ಚ್‌ನಲ್ಲಿ ಅವನ ಕೊಲೆಯಾಯಿತು. ಅದಕ್ಕೂ ಹಿಂದಿನ ಡಿನೇರಿಯಸ್‌ಗಳಲ್ಲಿ ಹೆಚ್ಚಾಗಿ ಹೆಲ್ಮೆಟ್ ಹಾಕಿದ ರೋಮಾ ದೇವಿ, ಬೇರೆ ದೇವತೆಗಳು, ಸತ್ತುಹೋದ ಪೂರ್ವಜರು ಇರುತ್ತಾರೆ.

ಹಂತ 3: ಅಕ್ಷರ ಓದುವುದು

ನಿಜವಾದ ಕೆಲಸ ಇಲ್ಲಿಂದ ಶುರು. ಹೆದರಬೇಡಿ, ಲ್ಯಾಟಿನ್ ಗೊತ್ತಿರಬೇಕಾಗಿಲ್ಲ. ಹದಿನೈದು ಇಪ್ಪತ್ತು ಚುಟುಕು ಗೊತ್ತಿದ್ದರೆ ಮುಕ್ಕಾಲು ಪಾಲು ನಾಣ್ಯ ಓದಬಹುದು. ನಾನಿಲ್ಲಿ ಆ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ನಾವು ಕರೆಯುವ ಹೆಸರಿನಿಂದಲೇ ಹೇಳುತ್ತೇನೆ.

ಸಾಮಾನ್ಯವಾಗಿ ಕೆಳಗೆ ಎಡಗಡೆಯಿಂದ ಶುರು ಮಾಡಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಓದಿ. ಅರ್ಥವಾಗದಿದ್ದರೆ ಉಲ್ಟಾ ದಿಕ್ಕಿನಲ್ಲಿ ನೋಡಿ, ಕೆಲವು ನಾಣ್ಯ ಹಾಗೂ ಇವೆ. ಪದಗಳ ನಡುವೆ ಜಾಗ ಇರುವುದೇ ಇಲ್ಲ ಅನ್ನಬೇಕು. ಯು ಅಕ್ಷರ ಇಲ್ಲ, ಅದರ ಜಾಗದಲ್ಲಿ ವಿ. ಜೆ ಇಲ್ಲ, ಅದರ ಜಾಗದಲ್ಲಿ ಐ. ಹಾಗಾಗಿ ಅಗಸ್ಟಸ್ ಅನ್ನುವುದರಲ್ಲಿ ಯು ಇರಬೇಕಾದ ಮೂರು ಕಡೆಯೂ ವಿ ಕಾಣುತ್ತದೆ.

ಈಗ ಚುಟುಕುಗಳು:

- ಐಎಂಪಿ: ಇಂಪರೇಟರ್. ಮೊದಲಿಗೆ ಗೆದ್ದ ಸೇನಾಪತಿಗೆ ಸಿಗುತ್ತಿದ್ದ ಬಿರುದು. ಮುಂದೆ ಅಂಕಿ ಇದ್ದರೆ ಎಷ್ಟನೇ ಸಲ ಆ ಜಯಘೋಷ ಸಿಕ್ಕಿತು ಅಂತ.
- ಎವಿಜಿ: ಅಗಸ್ಟಸ್, ಅಂದರೆ ಚಕ್ರವರ್ತಿ. ಕೊನೆಯಲ್ಲಿ ಎರಡು ಜಿ ಇದ್ದರೆ ಇಬ್ಬರು ಒಟ್ಟಿಗೆ ಆಳುತ್ತಿದ್ದಾರೆ, ಮೂರು ಜಿ ಇದ್ದರೆ ಮೂವರು. ಹೆಸರಿನ ಜೊತೆ ಎವಿಜಿ ಇಲ್ಲದೆ ಬರೀ ಸೀಸರ್ ಇದ್ದರೆ ಉತ್ತರಾಧಿಕಾರಿ ಇರಬಹುದು.
- ಪಿಎಂ: ಪಾಂಟಿಫೆಕ್ಸ್ ಮ್ಯಾಕ್ಸಿಮಸ್, ಮುಖ್ಯ ಪುರೋಹಿತ.
- ಟಿಆರ್‌ಪಿ: ಟ್ರಿಬ್ಯೂನ್ ಅಧಿಕಾರ, ಅಂದರೆ ಜನರ ಪರ ನಿಲ್ಲುವ ಅಧಿಕಾರಿಯ ಹಕ್ಕು. ಟೀವಿಯವರ ಟಿಆರ್‌ಪಿ ಅಲ್ಲ! ಇದು ವರ್ಷಕ್ಕೊಮ್ಮೆ ನವೀಕರಣ ಆಗುತ್ತದೆ, ಅಂಕಿ ಒಂದೊಂದೇ ಏರುತ್ತದೆ. ಕಾಲ ಗುರುತಿಸಲು ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.
- ಸಿಒಎಸ್: ಕಾನ್ಸಲ್, ಅಂದರೆ ರೋಮ್‌ನ ಅತಿ ಮೇಲಿನ ಅಧಿಕಾರಿಯ ಪದವಿ, ಎಷ್ಟನೇ ಸಲ ಅನ್ನುವ ಅಂಕಿ ಜೊತೆ.
- ಪಿಪಿ: ಪೇಟರ್ ಪೇಟ್ರಿಯೆ, ದೇಶಕ್ಕೆ ತಂದೆ.
- ಎಸ್‌ಪಿಕ್ಯುಆರ್: ಸೆನೆಟ್ ಮತ್ತು ರೋಮ್‌ನ ಜನ.
- ಡಿವಸ್: ದೇವರಾದವನು. ಅಂದರೆ ನಾಣ್ಯ ಹೊರಟಾಗ ಆ ಮನುಷ್ಯ ಸತ್ತಿದ್ದ. ಡಿವಿ ಎಫ್ ಅಂದರೆ ದೇವರಾದವನ ಮಗ.

ಇದರ ಜೊತೆ ಗೆದ್ದ ನಾಡಿನ ಬಿರುದು ಬರುತ್ತದೆ. ಚಕ್ರವರ್ತಿ ಟ್ರೇಜನ್ ಇದಕ್ಕೆ ಒಳ್ಳೆಯ ಉದಾಹರಣೆ. ಅವನಿಗೆ ಜರ್ಮೇನಿಕಸ್ ಬಿರುದು ಕ್ರಿ.ಶ. 97ರಲ್ಲಿ ಬಂತು, ಡೇಸಿಕಸ್ 102ರಲ್ಲಿ. ನಾಣ್ಯದಲ್ಲಿ ಡಿಎಸಿ ಇದ್ದರೆ 102ಕ್ಕಿಂತ ಹಿಂದಿನದಲ್ಲ ಅಂತ ಆಗಲೇ ತೀರ್ಮಾನ. ಬಿರುದು ಸೇರುತ್ತಾ ಸೇರುತ್ತಾ ಕೊನೆಗೆ ಅಂಚಿನಲ್ಲಿ ಜಾಗವೇ ಸಾಲದ ಹಾಗಾಗುತ್ತದೆ.

ಪ್ರತಿ ಸಲವೂ ಹೀಗೆ ಸುಲಭ ಅಂದುಕೊಳ್ಳಬೇಡಿ. ಟ್ರೇಜನ್ ನಂತರದ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 119ರಲ್ಲಿ ಮೂರನೇ ಸಲ ಕಾನ್ಸಲ್ ಆದ, ಆಮೇಲೆ ಮತ್ತೆ ಆಗಲೇ ಇಲ್ಲ. 138ರಲ್ಲಿ ಸಾಯುವವರೆಗೂ ಅವನ ನಾಣ್ಯದಲ್ಲಿ ಸಿಒಎಸ್ ಮೂರು. ಹತ್ತೊಂಬತ್ತು ವರ್ಷದಲ್ಲಿ ಯಾವ ವರ್ಷದ್ದು ಅಂತ ಅದೊಂದರಿಂದ ಹೇಳಲಾಗದು. ಆಗ ಮುಖದ ಶೈಲಿ, ಹೆಸರಿನ ರೂಪ ಹಿಡಿದು ಹೊರಡಬೇಕು.

ಹಂತ 4: ಟೈಟಸನ ಆನೆ, ತಾರೀಕು ಹಿಡಿಯುವ ಅಭ್ಯಾಸ

ಒಂದು ನಾಣ್ಯವನ್ನು ಪೂರ್ತಿ ಓದೋಣ. ಮುಂಬದಿಯಲ್ಲಿ ದಪ್ಪ ಕತ್ತಿನ, ಗುಂಗುರು ಕೂದಲಿನ, ಲಾರೆಲ್ ಮಾಲೆಯ ತಲೆ. ಸುತ್ತ ಬರಹ: ಐಎಂಪಿ ಟೈಟಸ್ ಸೀಸ್ ವೆಸ್ಪೇಸಿಯನ್ ಎವಿಜಿ ಪಿಎಂ. ವೆಸ್ಪೇಸಿಯನ್ ಅಂತ ಕಂಡ ಕೂಡಲೇ ಅದು ಟೈಟಸನ ಅಪ್ಪ, ಚಕ್ರವರ್ತಿ ವೆಸ್ಪೇಸಿಯನನ ನಾಣ್ಯ ಅಂದುಬಿಡಬೇಡಿ. ಮಗನಿಗೂ ಅದೇ ಹೆಸರಿತ್ತು. ಮೊದಲು ಟೈಟಸ್ ಇದ್ದು, ಎವಿಜಿಯೂ ಇದೆ. ಹಾಗಾದರೆ ಇದು ಪಟ್ಟಕ್ಕೆ ಬಂದ ಟೈಟಸ್. ಅವನು ಆಳಿದ್ದು 79ರ ಜೂನ್‌ನಿಂದ 81ರ ಸೆಪ್ಟೆಂಬರ್‌ವರೆಗೆ ಮಾತ್ರ. ಆಗಲೇ ಎರಡು ಚಿಲ್ಲರೆ ವರ್ಷಕ್ಕೆ ಬಂದೆವು.

ಈಗ ತಿರುಗಿಸಿ. ಮೈಗೆ ಕವಚ ತೊಟ್ಟ ಆನೆ ಎಡಕ್ಕೆ ನಡೆಯುತ್ತಿದೆ. ಒಳ್ಳೆಯ ಸ್ಥಿತಿಯ ನಾಣ್ಯದಲ್ಲಿ ಕವಚದ ಚೌಕುಳಿ ಗೆರೆಗಳೂ ಕಾಣುತ್ತವೆ. ಸುತ್ತ: ಟಿಆರ್‌ಪಿ ಐಎಕ್ಸ್, ಐಎಂಪಿ ಎಕ್ಸ್‌ವಿ, ಸಿಒಎಸ್ ವಿಐಐಐ, ಪಿಪಿ. ಅಂದರೆ ಟ್ರಿಬ್ಯೂನ್ ಅಧಿಕಾರ 9ನೇ ವರ್ಷ, ಜಯಘೋಷ 15ನೇ ಸಲ, ಕಾನ್ಸಲ್ 8ನೇ ಸಲ.

ಟೈಟಸನಿಗೆ ಟ್ರಿಬ್ಯೂನ್ ಅಧಿಕಾರ ಮೊದಲು ಸಿಕ್ಕಿದ್ದು ಕ್ರಿ.ಶ. 71ರ ಜುಲೈ 1ರಂದು, ಅಪ್ಪನ ಕಾಲದಲ್ಲೇ. ಹಾಗಾದರೆ 9ನೇ ವರ್ಷ ಅಂದರೆ 79ರ ಜುಲೈ 1ರಿಂದ 80ರ ಜೂನ್ 30. ಎಂಟನೇ ಸಲ ಕಾನ್ಸಲ್ ಆದದ್ದು 80ರ ಜನವರಿ 1ರಂದು. ಎರಡೂ ಒಟ್ಟಿಗೆ ಹೊಂದುವ ಅವಧಿ ಯಾವುದು? 80ರ ಜನವರಿಯಿಂದ ಜೂನ್. ಹತ್ತೊಂಬತ್ತು ಶತಮಾನದ ಹಿಂದಿನ ಒಂದು ಬೆಳ್ಳಿ ಬಿಲ್ಲೆಯನ್ನು ಆರು ತಿಂಗಳ ಒಳಗೆ ತಂದು ನಿಲ್ಲಿಸಿದೆವು. ನಮ್ಮ ದೇಶದ ಆ ಕಾಲದ ಬಹುತೇಕ ನಾಣ್ಯಗಳಲ್ಲಿ ಈ ಭಾಗ್ಯ ಇಲ್ಲ. ನನಗೆ ರೋಮನ್ ನಾಣ್ಯ ಇಷ್ಟವಾಗಲು ಮುಖ್ಯ ಕಾರಣ ಇದೇ.

ಸರಿ, ಆನೆ ಯಾಕೆ? ಕ್ರಿ.ಶ. 80ರಲ್ಲಿ ಟೈಟಸ್ ಕೊಲೊಸಿಯಂ ಉದ್ಘಾಟನೆ ಮಾಡಿದ. ಆಟ, ಕಾಳಗ 100 ದಿನ ನಡೆದವು ಅಂತ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆದಿದ್ದಾನೆ. ಆನೆಗಳ ಕಾದಾಟವೂ ಅದರಲ್ಲಿತ್ತು. ಹಾಗಾಗಿ ಈ ಆನೆ ಆ ಉತ್ಸವದ್ದು ಅಂತ ಬಹಳ ಜನ ಓದುತ್ತಾರೆ. ಆದರೆ ನಾಣ್ಯದ ಮೇಲೆ ಕೊಲೊಸಿಯಂ ಅಂತ ಎಲ್ಲೂ ಬರೆದಿಲ್ಲ. ತಾರೀಕು ನಾಣ್ಯವೇ ಕೊಟ್ಟದ್ದು, ಕೊಲೊಸಿಯಂ ನಂಟು ನಾವು ಕೂಡಿಸಿದ್ದು. ಟಿಪ್ಪಣಿ ಬರೆದುಕೊಳ್ಳುವಾಗ ಈ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

ಹಂತ 5: ಹಿಂಬದಿಯ ದೇವಿಯರು

ಆನೆ, ಮೊಸಳೆ, ಹಡಗು ಇದ್ದರೆ ಗುರುತು ಸುಲಭ. ಆದರೆ ಹತ್ತಾರು ಡಿನೇರಿಯಸ್ ನೋಡಿ, ಬಹುಪಾಲು ಹಿಂಬದಿಯಲ್ಲಿ ಉದ್ದ ಬಟ್ಟೆ ತೊಟ್ಟ ಒಬ್ಬ ಹೆಂಗಸು ನಿಂತಿರುತ್ತಾಳೆ ಅಥವಾ ಕೂತಿರುತ್ತಾಳೆ. ಮುಖ ಸಾಸಿವೆ ಕಾಳಿನಷ್ಟು. ನೋಡಬೇಕಾದ್ದು ಕೈಗಳನ್ನು. ಶಂಖ ಚಕ್ರ ಕಂಡರೆ ವಿಷ್ಣು, ವೀಣೆ ಕಂಡರೆ ಸರಸ್ವತಿ ಅಂತ ನಾವು ದೇವಸ್ಥಾನದ ಕಂಬದ ಮುಂದೆ ನಿಂತು ಹೇಳುತ್ತೇವಲ್ಲ, ಅದೇ ವಿದ್ಯೆ ಇಲ್ಲೂ ಕೆಲಸಕ್ಕೆ ಬರುತ್ತದೆ.

ತಕ್ಕಡಿ ಹಿಡಿದವಳು ಈಕ್ವಿಟಾಸ್ ಅಥವಾ ಮೊನೆಟಾ. ಒಬ್ಬಳು ನ್ಯಾಯದ ತೂಕ, ಇನ್ನೊಬ್ಬಳು ಟಂಕಸಾಲೆಯ ದೇವತೆ. ಹಡಗಿನ ಚುಕ್ಕಾಣಿ ಹಿಡಿದವಳು ಫಾರ್ಚುನಾ, ಅದೃಷ್ಟ. ಆಲಿವ್ ಕೊಂಬೆ ಇದ್ದರೆ ಪ್ಯಾಕ್ಸ್, ಶಾಂತಿ. ರೆಕ್ಕೆ ಮತ್ತು ಮಾಲೆ ಇದ್ದರೆ ವಿಕ್ಟೋರಿಯಾ, ಜಯ. ಹಾವಿಗೆ ಬಟ್ಟಲಲ್ಲಿ ಉಣಿಸುತ್ತಿದ್ದರೆ ಸಾಲಸ್, ಆರೋಗ್ಯ. ಹೂವು ಹಿಡಿದು ಇನ್ನೊಂದು ಕೈಯಲ್ಲಿ ಸೆರಗು ಎತ್ತಿಕೊಂಡವಳು ಸ್ಪೆಸ್, ಭರವಸೆ. ಟೋಪಿ ಹಿಡಿದವಳು ಲಿಬರ್ಟಾಸ್. ಗುಲಾಮನಿಗೆ ಬಿಡುಗಡೆ ಆದಾಗ ತೊಡಿಸುತ್ತಿದ್ದ ಟೋಪಿ ಅದು. ತೆನೆ, ಅಳತೆಯ ಕೊಳಗ, ಪಕ್ಕದಲ್ಲಿ ಹಡಗಿನ ಮೂತಿ ಇದ್ದರೆ ಅನೋನಾ. ರೋಮ್ ನಗರಕ್ಕೆ ಹಡಗಿನಲ್ಲಿ ಬರುತ್ತಿದ್ದ ದವಸದ ದೇವತೆ.

ಒಂದು ಎಚ್ಚರಿಕೆ. ಹಣ್ಣು, ತೆನೆ ತುಂಬಿದ ಕೊಂಬು ಕಂಡರೆ ಅದರಿಂದ ಏನೂ ತೀರ್ಮಾನಿಸಬೇಡಿ. ಫಾರ್ಚುನಾ, ಈಕ್ವಿಟಾಸ್, ಕಾನ್ಕಾರ್ಡಿಯಾ, ಫೆಲಿಸಿಟಾಸ್ ಎಲ್ಲರ ಕೈಯಲ್ಲೂ ಅದು ಇರುತ್ತದೆ. ಇನ್ನೊಂದು ಕೈಯಲ್ಲಿ ಏನಿದೆ ಅನ್ನುವುದೇ ಮುಖ್ಯ.

ನಾಡುಗಳೂ ಹೆಣ್ಣಾಗಿ ಬರುತ್ತವೆ. ಹೇಡ್ರಿಯನ್ ಸಾಮ್ರಾಜ್ಯವೆಲ್ಲ ಸುತ್ತಿದವನು. ಆ ನೆನಪಿಗೆ ಪ್ರಾಂತ್ಯಗಳ ಸರಣಿಯನ್ನೇ ಹೊರಡಿಸಿದ. ಆಫ್ರಿಕಾ ಆನೆಯ ತಲೆಚರ್ಮವನ್ನು ಟೋಪಿಯಾಗಿ ಹಾಕಿಕೊಂಡಿರುತ್ತಾಳೆ. ಹಿಸ್ಪಾನಿಯಾ, ಅಂದರೆ ಈಗಿನ ಸ್ಪೇನ್ ಕಡೆಯ ನಾಡು, ಒರಗಿ ಕೂತಿರುತ್ತಾಳೆ, ಪಕ್ಕದಲ್ಲಿ ಪುಟ್ಟ ಮೊಲ.

ಹಂತ 6: ನಾಣ್ಯ ಹೇಳಿದ್ದು ನಡೆದಿತ್ತಾ?

ದೇವಿಯ ಹೆಸರು ಸಿಕ್ಕಿತು ಅಂತ ಪುಸ್ತಕ ಮುಚ್ಚಿಡುವವರು ಜಾಸ್ತಿ. ನನ್ನ ಪ್ರಕಾರ ಸ್ವಾರಸ್ಯ ಇರುವುದು ಇದರ ಮುಂದಿನ ಪ್ರಶ್ನೆಯಲ್ಲಿ. ಆ ವರ್ಷ ಏನು ನಡೆಯುತ್ತಿತ್ತು? ಆಗ ಈ ಮಾತನ್ನು ಯಾಕೆ ಹೇಳಬೇಕಾಯಿತು?

ಚಕ್ರವರ್ತಿ ನರ್ವಾನ ನಾಣ್ಯ ತೆಗೆದುಕೊಳ್ಳಿ. ಎರಡು ಕೈಗಳು ಒಂದನ್ನೊಂದು ಹಿಡಿದಿವೆ. ಬರಹ ಕಾನ್ಕಾರ್ಡಿಯಾ ಎಕ್ಸರ್ಸಿಟುಮ್, ಸೇನೆಗಳ ಒಗ್ಗಟ್ಟು. ಆದರೆ ಕ್ರಿ.ಶ. 97ರಲ್ಲಿ ಅವನ ಅಂಗರಕ್ಷಕ ದಳವೇ ದಂಗೆ ಎದ್ದಿತು. ಹಿಂದಿನ ಚಕ್ರವರ್ತಿ ಡೊಮಿಷಿಯನ್‌ನನ್ನು ಕೊಂದವರನ್ನು ನಮಗೊಪ್ಪಿಸು ಅಂತ ಪಟ್ಟು ಹಿಡಿದು, ಸಾಧಿಸಿಯೂ ಬಿಟ್ಟರು. ಸೇನೆಯ ಬೆಂಬಲ ಅವನಿಗೆ ಇರಲಿಲ್ಲ. ನಾಣ್ಯ ಹೇಳಿದ್ದು ಅವನಿಗೆ ಏನು ಬೇಕಾಗಿತ್ತು ಅನ್ನುವುದನ್ನು.

ಇನ್ನೊಂದು ಇದಕ್ಕಿಂತ ಕಹಿ. ಕ್ರಿ.ಶ. 202ರಲ್ಲಿ ಹದಿಹರೆಯದ ಕ್ಯಾರಕಲ್ಲಾನಿಗೆ ಅಪ್ಪ ಸೆಪ್ಟಿಮಿಯಸ್ ಸೆವೆರಸ್ ಪ್ಲಾಟಿಲ್ಲಾ ಜೊತೆ ಮದುವೆ ಮಾಡಿಸಿದ. ಹುಡುಗನಿಗೆ ಇಷ್ಟವೇ ಇರಲಿಲ್ಲ. ಪ್ಲಾಟಿಲ್ಲಾಳ ಡಿನೇರಿಯಸ್‌ನ ಹಿಂಬದಿಯಲ್ಲಿ ಗಂಡ ಹೆಂಡತಿ ಕೈ ಹಿಡಿದು ನಿಂತಿದ್ದಾರೆ. ಬರಹ ಪ್ರೊಪಾಗೊ ಇಂಪೆರಿ, ಸಾಮ್ರಾಜ್ಯದ ಕುಡಿ ಮುಂದುವರಿಯಲಿ ಅನ್ನುವ ಅರ್ಥ. 205ರಲ್ಲಿ ಅವಳ ಅಪ್ಪನ ಕೊಲೆಯಾಯಿತು, ಅವಳನ್ನು ದ್ವೀಪಕ್ಕೆ ಅಟ್ಟಿದರು. ಸೆವೆರಸ್ ಸತ್ತ ಮೇಲೆ ಕ್ಯಾರಕಲ್ಲಾ ಅವಳನ್ನೂ ಕೊಲ್ಲಿಸಿದ.

ಎಲ್ಲವೂ ಹೀಗೆ ಸುಳ್ಳು ಅಂತಲೂ ಅಲ್ಲ. ಅಗಸ್ಟಸನ ಕ್ರಿ.ಪೂ. 19ರ ಒಂದು ಡಿನೇರಿಯಸ್‌ನಲ್ಲಿ ರೋಮ್‌ಗೆ ಪೂರ್ವದ ಎದುರಾಳಿ ರಾಜ್ಯ ಪಾರ್ಥಿಯದವನೊಬ್ಬ ಮಂಡಿಯೂರಿ ಸೇನಾಧ್ವಜ ಒಪ್ಪಿಸುತ್ತಿದ್ದಾನೆ. ಕ್ರಿ.ಪೂ. 53ರಲ್ಲಿ ರೋಮನ್ ಸೇನಾಪತಿ ಕ್ರಾಸಸ್ ಪಾರ್ಥಿಯನ್ನರಿಗೆ ಕಾರ್ಹೆಯಲ್ಲಿ ಸೋತು ಕಳೆದುಕೊಂಡಿದ್ದ ಧ್ವಜಗಳು ಕ್ರಿ.ಪೂ. 20ರಲ್ಲಿ ವಾಪಸ್ ಬಂದದ್ದು ನಿಜ. ಆದರೆ ಬಂದದ್ದು ಮಾತುಕತೆಯಿಂದ. ಯುದ್ಧವೇ ಆಗಲಿಲ್ಲ. ಮಂಡಿಯೂರಿಸಿದ್ದು ಟಂಕಸಾಲೆ.

ಹಂತ 7: ಈಗ ಮುಖ ನೋಡಿ

ಇಷ್ಟು ಆದ ಮೇಲೆ ಮುಖಕ್ಕೆ ಬನ್ನಿ. ಅಗಸ್ಟಸ್ 75 ವರ್ಷ ಬದುಕಿದ, ನಾಣ್ಯದಲ್ಲಿ ಮಾತ್ರ ಅವನಿಗೆ ವಯಸ್ಸೇ ಆಗುವುದಿಲ್ಲ. ನುಣುಪು ಕೆನ್ನೆ, ಹಣೆಯ ಮೇಲೆ ಒಪ್ಪವಾದ ಕೂದಲು. ವೆಸ್ಪೇಸಿಯನ್ ತದ್ವಿರುದ್ಧ. ಬೋಳುತಲೆ, ಸುಕ್ಕು, ಗೂಳಿಕತ್ತು, ಎಲ್ಲವನ್ನೂ ಇದ್ದ ಹಾಗೇ ಬಿಟ್ಟಿದ್ದಾನೆ. ನೀರೋನ ಶೋಕಿ, ಆಮೇಲೆ ಒಂದೇ ವರ್ಷದಲ್ಲಿ ನಾಲ್ವರು ಚಕ್ರವರ್ತಿಗಳು, ಇದನ್ನೆಲ್ಲ ನೋಡಿ ಬೇಸತ್ತ ಸೈನಿಕರಿಗೆ 'ನಾನು ನಿಮ್ಮಂಥವನೇ, ದುಡಿದವನು' ಅಂತ ತೋರಿಸುವುದು ಅವನಿಗೆ ಬೇಕಿತ್ತು. ಸುಕ್ಕು ಕೂಡ ಲೆಕ್ಕ ಹಾಕಿ ಕೆತ್ತಿಸಿದ್ದೇ.

ಪೂರ್ತಿ ಗಡ್ಡ ಬಿಟ್ಟ ಮೊದಲ ಚಕ್ರವರ್ತಿ ಹೇಡ್ರಿಯನ್. ಗಡ್ಡದ ಮುಖ ಕಂಡರೆ ಹೆಚ್ಚಾಗಿ 117ರ ನಂತರದ್ದು. ಮೂರನೇ ಶತಮಾನದ ಸೈನಿಕ ಚಕ್ರವರ್ತಿಗಳು ಕುರುಚಲು ಗಡ್ಡ, ಕತ್ತರಿಸಿದ ಕೂದಲಿನವರು. ರಾಣಿಯರ ವಿಷಯದಲ್ಲಿ ಜಡೆ ನೋಡಿ. ಕೇಶಶೃಂಗಾರ ತಲೆಮಾರಿಗೊಂದು ಸಲ ಬದಲಾಗುತ್ತದೆ. ಅಕ್ಷರ ಸವೆದ ನಾಣ್ಯದಲ್ಲಿ ಇದೊಂದೇ ದಿಕ್ಕು.

ಇಲ್ಲಿಗೆ ಬಂದ ಮೇಲೆ ಓಸಿಆರ್‌ಇ ಅನ್ನುವ ಆನ್‌ಲೈನ್ ಕೋಶ ತೆರೆಯಿರಿ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ನಡೆಸುತ್ತದೆ, ಉಚಿತ. ಚಕ್ರವರ್ತಿಗಳಿಗೂ ಹಿಂದಿನ ಗಣರಾಜ್ಯ ಕಾಲದ್ದಕ್ಕೆ ಅವರದೇ ಸಿಆರ್‌ಆರ್‌ಒ ಇದೆ. ಪೂರ್ತಿ ಬರಹ ಗೊತ್ತಿಲ್ಲದಿದ್ದರೂ ಓದಲು ಬಂದ ನಾಲ್ಕು ಅಕ್ಷರ ಮತ್ತು ಹಿಂಬದಿಯ ದೇವತೆಯ ಹೆಸರು ಹಾಕಿ ಹುಡುಕಿ. ಚಿತ್ರ ಇಟ್ಟು ಹೋಲಿಸಿ.

ಹಂತ 8: ಬೆಳ್ಳಿ ಎಷ್ಟು?

ಅಗಸ್ಟಸ್ ಕಾಲದಲ್ಲಿ ಒಂದು ರೋಮನ್ ಪೌಂಡ್ ಬೆಳ್ಳಿಗೆ ಸುಮಾರು 84 ಡಿನೇರಿಯಸ್ ಹೊಡೆಯುತ್ತಿದ್ದರು, ಬೆಳ್ಳಿ ಬಹುತೇಕ ಶುದ್ಧ. ನೀರೋ ಕ್ರಿ.ಶ. 64ರಲ್ಲಿ ಅದನ್ನು 96ಕ್ಕೆ ಏರಿಸಿದ, ಶುದ್ಧತೆಯನ್ನೂ ಇಳಿಸಿದ. ರೋಮ್ ಹೊತ್ತಿ ಉರಿದದ್ದೂ ಅದೇ ವರ್ಷ. ಡೊಮಿಷಿಯನ್ 82ರಲ್ಲಿ ಶುದ್ಧತೆ ಮತ್ತೆ ಮೇಲೆತ್ತಿದ, ಮೂರು ವರ್ಷಕ್ಕೇ ಕೈಚೆಲ್ಲಿದ. ಸೆಪ್ಟಿಮಿಯಸ್ ಸೆವೆರಸ್ ಸೈನಿಕರ ಸಂಬಳ ಏರಿಸಿದ, ಅವನ ಕಾಲಕ್ಕೆ ಬೆಳ್ಳಿ ಅರ್ಧದ ಆಸುಪಾಸಿಗೆ ಬಂತು. ಕ್ಯಾರಕಲ್ಲಾನ ಆಂಟೊನಿನಿಯಾನಸ್ ಎರಡು ಡಿನೇರಿಯಸ್ ಬೆಲೆಯದು ಅಂತ ನಂಬಲಾಗಿದೆ. ಅದರೊಳಗೆ ಇದ್ದ ಬೆಳ್ಳಿ ಒಂದೂವರೆಯಷ್ಟು. 260ರ ದಶಕದ ಕೊನೆಗೆ ಬಂದರೆ ಅದು ಬೆಳ್ಳಿ ನೀರು ಕಾಣಿಸಿದ ತಾಮ್ರ. ಈ ಇಳಿಕೆ ಪೂರ್ತಿ ನಡೆಯುವಾಗಲೂ ಹಿಂಬದಿಯಲ್ಲಿ ಈಕ್ವಿಟಾಸ್ ತಕ್ಕಡಿ ಹಿಡಿದು ನಿಂತೇ ಇದ್ದಳು!

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ನಾಣ್ಯವನ್ನು ತೂಗಿ. ಆಮೇಲೆ ತಕ್ಕಡಿಯ ಮೇಲೆ ಶುದ್ಧ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ತೆಳು ದಾರದಲ್ಲಿ ನಾಣ್ಯವನ್ನು ನೀರೊಳಗೆ ತೂಗುಬಿಡಿ, ತಳ ತಾಕಬಾರದು. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. 3.60 ಗ್ರಾಂ ನಾಣ್ಯ, ನೀರಲ್ಲಿ 0.35 ತೋರಿಸಿದರೆ ಉತ್ತರ ಸುಮಾರು 10.3. ಶುದ್ಧ ಬೆಳ್ಳಿಗೆ 10.5, ತಾಮ್ರಕ್ಕೆ 9ಕ್ಕಿಂತ ಚೂರು ಕಮ್ಮಿ. 0.01 ಗ್ರಾಂ ತಕ್ಕಡಿಯಲ್ಲಿ ಒಂದಂಕಿ ಆಚೀಚೆಯಾದರೂ ಉತ್ತರ 0.3ರಷ್ಟು ಜಾರುತ್ತದೆ. ಆದ್ದರಿಂದ ಐದಾರು ಸಲ ತೂಗಿ ಸರಾಸರಿ ತೆಗೆಯಿರಿ. 0.001 ಗ್ರಾಂ ತಕ್ಕಡಿ ಸಿಕ್ಕರೆ ಇನ್ನೂ ಒಳ್ಳೆಯದು. ಅಂಚಿನಲ್ಲಿ ಬಿರುಕು ಬಿಟ್ಟು ಹಸಿರು ಕಾಣುತ್ತಿದ್ದರೆ ನೀರಿಗೆ ಇಳಿಸಲೇಬೇಡಿ.

ಒರೆಗಲ್ಲು? ಚಿನ್ನಬೆಳ್ಳಿ ಅಂಗಡಿಯಲ್ಲಿ ಕೂಡಲೇ ಉಜ್ಜಿ ನೋಡುತ್ತೇನೆ ಅನ್ನುತ್ತಾರೆ. ಉಜ್ಜಲು ಬಿಡಬೇಡಿ.

ಹಂತ 9: ಖೋಟಾ ಹಿಡಿಯುವುದು

ಖೋಟಾದಲ್ಲಿ ಎರಡು ಜಾತಿ. ಒಂದು ರೋಮನ್ನರ ಕಾಲದ್ದೇ. ಒಳಗೆ ತಾಮ್ರದ ತಿರುಳು, ಹೊರಗೆ ಬೆಳ್ಳಿಯ ತೆಳು ಹಾಳೆ. ತೂಕ ಕಡಿಮೆ, ಸವೆದ ಕಡೆ ತಾಮ್ರ ಇಣುಕುತ್ತದೆ. ಇದನ್ನು ಹಿಡಿಯಲು ಆಗಿನ ಚಿನಿವಾರರು ನಾಣ್ಯಕ್ಕೆ ಸಣ್ಣ ಮುದ್ರೆ ಒತ್ತಿ, ಗೀರಿ ನೋಡುತ್ತಿದ್ದರು. ಹಾಗಾಗಿ ಗೀರು ಇದ್ದ ಮಾತ್ರಕ್ಕೆ ನಾಣ್ಯ ಹಾಳು ಅಂದುಕೊಳ್ಳಬೇಡಿ. ಈ ಹಳೆಯ ಖೋಟಾಗಳೂ ಚರಿತ್ರೆಯೇ.

ಎರಡನೆಯದು ಈಗಿನವರು ಮಾಡಿದ್ದು. ಅಸಲಿ ಡಿನೇರಿಯಸ್ ಎರಡು ಅಚ್ಚುಗಳ ನಡುವೆ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಬಡಿದದ್ದು. ಆ ಹೊಡೆತಕ್ಕೆ ಲೋಹ ಹೊರಗೆ ಹರಿದ ಗೆರೆಗಳು, ಅಂಚಿನಲ್ಲಿ ಸೀಳು, ಚಿತ್ರ ಒಂದು ಪಕ್ಕಕ್ಕೆ ಸರಿದಿರುವುದು ಇವೆಲ್ಲ ಕಾಣುತ್ತವೆ. ಎರಕ ಹೊಯ್ದದ್ದರಲ್ಲಿ ಮೇಲ್ಮೈ ಸೋಪಿನ ಹಾಗೆ ಜಾರು, ಸೂಜಿಮೊನೆಯಷ್ಟು ಗುಳ್ಳೆಯ ಗುಳಿ, ಅಂಚಿನ ಸುತ್ತ ಅರದಿಂದ ಉಜ್ಜಿದ ಕೂಡುಗೆರೆ. ತೀರಾ ದುಂಡಗೆ, ಎರಡೂ ಕಡೆ ನಡು ಮಧ್ಯಕ್ಕೆ ಕೂತ ಚಿತ್ರ ಕಂಡರೆ ನನಗೆ ಅನುಮಾನವೇ. ಅಚ್ಚು ಮಾಡಿ ಬಡಿದ ಹೊಸ ಖೋಟಾಗಳೂ ಇವೆ, ಅವನ್ನು ಹಿಡಿಯುವುದು ಕಷ್ಟ. ಒಂದೇ ಗೀರು, ಒಂದೇ ಸೀಳು ಇರುವ ಎರಡು ನಾಣ್ಯ ಬೇರೆ ಬೇರೆ ಕಡೆ ಕಂಡರೆ ಒಂದಾದರೂ ನಕಲು.

ಹಂತ 10: ನಮ್ಮ ನೆಲದಲ್ಲಿ ಸಿಕ್ಕರೆ

ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. 1965ರಲ್ಲಿ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ 256. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗಸ್ಟಸ್, ಟೈಬೀರಿಯಸರ ಡಿನೇರಿಯಸ್ ಸಿಕ್ಕಿವೆ. ದಕ್ಷಿಣ ಭಾರತದಲ್ಲಿ ಸಿಗುವ ಡಿನೇರಿಯಸ್‌ನಲ್ಲಿ ಈ ಇಬ್ಬರದೇ ಸಿಂಹಪಾಲು. ಹಾಗಾಗಿ ಎರಡು ಮಾದರಿ ಬಾಯಿಪಾಠ ಆಗಿರಲಿ.

ಒಂದು, ಅಗಸ್ಟಸನದು. ಹಿಂಬದಿಯಲ್ಲಿ ಇಬ್ಬರು ಹುಡುಗರು ಮುಂದೆ ದುಂಡು ಗುರಾಣಿ, ಈಟಿ ಇಟ್ಟುಕೊಂಡು ನಿಂತಿದ್ದಾರೆ. ಅವರು ಗೈಯಸ್ ಮತ್ತು ಲೂಸಿಯಸ್, ಅಗಸ್ಟಸನ ಮೊಮ್ಮಕ್ಕಳು, ದತ್ತುಮಕ್ಕಳು. ಮೇಲೆ ಪೂಜೆಯ ಸೌಟು ಮತ್ತು ಬಾಗಿದ ಕೋಲು. ಮುಂದಿನ ಪಟ್ಟ ಇವರಿಗೆ ಅಂತ ಸಾರಿದ ನಾಣ್ಯ ಇದು. ಲೂಸಿಯಸ್ ಕ್ರಿ.ಶ. 2ರಲ್ಲಿ, ಗೈಯಸ್ 4ರಲ್ಲಿ ತೀರಿಕೊಂಡರು. ಎರಡು, ಟೈಬೀರಿಯಸನದು. ಕೂತ ಹೆಂಗಸು, ಒಂದು ಕೈಯಲ್ಲಿ ರಾಜದಂಡ, ಇನ್ನೊಂದರಲ್ಲಿ ಕೊಂಬೆ, ಬರಹ ಪಾಂಟಿಫ್ ಮ್ಯಾಕ್ಸಿಮ್. ಆಕೆ ಟೈಬೀರಿಯಸನ ತಾಯಿ ಲಿವಿಯಾ ಅಂತ ಹಲವರ ಊಹೆ. ಬೈಬಲಿನಲ್ಲಿ ಕೈಸರನ ತೆರಿಗೆಯ ಪ್ರಶ್ನೆ ಬಂದಾಗ ಯೇಸು ತೋರಿಸಿದ ನಾಣ್ಯ ಇದೇ ಇರಬಹುದು ಅಂತ ಸಂಗ್ರಾಹಕರು ಇದನ್ನು ಹುಡುಕಿ ಕೊಳ್ಳುತ್ತಾರೆ. ಅದಕ್ಕೇ ನಕಲೂ ಜಾಸ್ತಿ.

ಈ ಇಬ್ಬರದೇ ಯಾಕೆ ಇಷ್ಟು? ನೀರೋ ಬೆಳ್ಳಿ ಇಳಿಸಿದ ಮೇಲೆ ನಮ್ಮ ವರ್ತಕರಿಗೆ ಹಳೆಯದೇ ಬೇಕಾಗಿತ್ತು ಅನ್ನುವುದು ಸಾಮಾನ್ಯ ವಿವರಣೆ. ಜರ್ಮನ್ನರೂ ಹಳೆಯ, ಪರಿಚಯದ ನಾಣ್ಯವನ್ನೇ ಒಪ್ಪುತ್ತಾರೆ ಅಂತ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ರೋಮನ್ ಲೇಖಕ ಪ್ಲಿನಿ ಹೇಳುವ ಲಂಕೆಯ ಕತೆಯೂ ಇದೆ. ಗಾಳಿಗೆ ಸಿಕ್ಕಿ ಅಲ್ಲಿಗೆ ಬಂದ ರೋಮನ್ ಒಬ್ಬನ ಹಣವನ್ನು ರಾಜ ನೋಡಿದನಂತೆ. ಮುಖಗಳು ಬೇರೆ ಬೇರೆ, ಆದರೂ ತೂಕ ಒಂದೇ. ಅದನ್ನು ಕಂಡು ರೋಮನ್ನರ ಪ್ರಾಮಾಣಿಕತೆಗೆ ಮೆಚ್ಚಿದನಂತೆ. ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹೀರುತ್ತದೆ ಅಂತ ಗೊಣಗಿದವನೂ ಅದೇ ಪ್ಲಿನಿ. ಡಿನೇರಿಯಸ್ ಲೆಕ್ಕದಲ್ಲಿ ಅದು 1.25 ಕೋಟಿ.

ಭಾರತದಲ್ಲಿ ಸಿಕ್ಕ ಕೆಲವು ನಾಣ್ಯಗಳ ಮುಖದ ಮೇಲೆ ಉಳಿಯಿಂದ ಕಡಿದ ಗೆರೆ ಇರುತ್ತದೆ. 1898ರ ಪುದುಕ್ಕೋಟೆ ನಿಧಿಯ ಚಿನ್ನದ ನಾಣ್ಯಗಳಲ್ಲಿ ಹೀಗೆ ಕಡಿದವೇ ಹೆಚ್ಚು. ಬೆಳ್ಳಿಯಲ್ಲೂ ಉಂಟು. ಇಲ್ಲೇ ಮಾಡಿದ ಅನುಕರಣೆಗಳೂ ಇವೆ. ಅವುಗಳಲ್ಲಿ ಚಿತ್ರ ಸರಿ ಇದ್ದು ಅಕ್ಷರ ಮಾತ್ರ ಗೀಟು, ಸೊನ್ನೆ ಆಗಿಬಿಟ್ಟಿರುತ್ತದೆ. ಅಕ್ಷರ ಬಾರದ ಕೆತ್ತುಗಾರ ನೋಡಿ ನೋಡಿ ಕೆತ್ತಿದ್ದು. ಇವನ್ನು ನಕಲಿ ಅಂತ ಎಸೆಯಬೇಡಿ.

ಕೊಳ್ಳುವವರು ರಸೀದಿ ಇಲ್ಲದೆ, ಎಲ್ಲಿಂದ ಬಂತು ಅಂತ ಹೇಳದವರಿಂದ ಕೊಳ್ಳಬೇಡಿ. ನೂರು ವರ್ಷ ಮೀರಿದ ನಾಣ್ಯಕ್ಕೆ 1972ರ ಪುರಾವಸ್ತು ಕಾಯ್ದೆ ಅನ್ವಯಿಸುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ.

ಮನೆ ಪಾಯ ತೆಗೆಯುವಾಗಲೋ ಹೊಲ ಉಳುವಾಗಲೋ ಕುಡಿಕೆ ಸಿಕ್ಕರೆ ಅದು ನಿಧಿ, ಜಿಲ್ಲಾಧಿಕಾರಿಗೆ ತಿಳಿಸಬೇಕು. ತಹಶೀಲ್ದಾರ್ ಕಚೇರಿಗೆ ಹೋದರೂ ಮುಂದಿನ ದಾರಿ ಹೇಳುತ್ತಾರೆ. ಅಷ್ಟರೊಳಗೆ ಸಿಕ್ಕ ಜಾಗ, ಎಷ್ಟು ಆಳ ಅಂತ ಬರೆದು ಫೋಟೊ ತೆಗೆದಿಡಿ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಕುಡಿಕೆ ಒಡೆದಿದ್ದರೂ ಚೂರುಗಳನ್ನು ಬಿಸಾಡಬೇಡಿ. ನಾಲ್ಕೈದು ನಾಣ್ಯವನ್ನು ನೆಂಟರಿಗೆ ಹಂಚಿಬಿಟ್ಟರೆ ಲೆಕ್ಕವೇ ಕೆಡುತ್ತದೆ. ಯಾಕೆಂದರೆ ಕುಡಿಕೆ ಹೂತದ್ದು ಯಾವಾಗ ಅಂತ ತಿಳಿಯುವುದು ಅದರಲ್ಲಿರುವ ಎಲ್ಲಕ್ಕಿಂತ ಹೊಸ ನಾಣ್ಯದಿಂದ, ಹೋದದ್ದು ಅದೇ ಆಗಿರಬಹುದು. ಎಲ್ಲವನ್ನೂ ಒಟ್ಟಿಗೇ ಎಣಿಸಿ ಒಪ್ಪಿಸಿ, ಸಂಖ್ಯೆ ಮತ್ತು ತೂಕ ಬರೆದ ರಸೀದಿ ತೆಗೆದುಕೊಳ್ಳಿ.